ಕಿವಿಗೊಟ್ಟು ನಿಂತ ಜಿಂಕೆ

ಹೋದ ತಿಂಗಳು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಕೊಂಡು ಬರುವಾಗ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದವನ ಹತ್ತಿರ ಹೋಗಿ ನಿಂತೆ. ಅಷ್ಟರಲ್ಲಿ ಮಳೆ ಶುರುವಾಯಿತು. "ಒಳಗಡೆ ಬನ್ನಿ ಅಜ್ಜಿ, ನೆನೀತೀರ" ಎಂದು ಆತ ತನ್ನ ಟಾರ್ಪಾಲಿನ ಅಡಿಯಲ್ಲಿ ಜಾಗ ಬಿಟ್ಟುಕೊಟ್ಟ. ಅವನ ಕಾಲ ಬಳಿ ಒಂದು ಡಬ್ಬದಲ್ಲಿ ಚರ್ಮದ ತುಂಡುಗಳು ನೆನೆಯುತ್ತಿದ್ದವು. ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ನಾನು ಸೆರಗನ್ನು ಮೂಗಿಗೆ ಹಿಡಿದೆ. ಆತ ಅದನ್ನು ನೋಡಿ ಡಬ್ಬವನ್ನು ಆಚೆಗೆ ಸರಿಸಿದ.

ನೆನೆದ ತೊಗಲಿನ ವಾಸನೆ ಬಂದಲ್ಲೆಲ್ಲ ನಾನು ಹೀಗೆ ಮೂಗು ಮುಚ್ಚುತ್ತೇನೆ. ಅರವತ್ತು ವರ್ಷದಿಂದ ಇದೇ ಕಥೆ. ನಮ್ಮ ಮನೆಯವರೆಲ್ಲ ನನ್ನನ್ನು ಮಹಾ ಮಡಿವಂತೆ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ ಎಂದು ಬಿಟ್ಟಿದ್ದೇನೆ. ನಿಜ ಹೇಳುವುದಕ್ಕಿಂತ ಮಡಿವಂತೆ ಅನ್ನಿಸಿಕೊಳ್ಳುವುದು ಸುಲಭ. ಆದರೆ ಆ ದಿನ ಆತ ಡಬ್ಬ ಸರಿಸಿದ್ದು ನೋಡಿ ನನಗೆ ನಾಚಿಕೆಯಾಯಿತು. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಸಾವಿರದ ಒಂಬೈನೂರ ಅರವತ್ತೆರಡೋ ಅರವತ್ತಮೂರೋ ಇಸವಿ ಇರಬೇಕು. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಮೂಲೆಗೆ ಕಲ್ಲು ನೆಟ್ಟು ಹೋದವರು ಇನ್ನೂ ಮನೆ ಕಟ್ಟಲು ಬಂದಿರಲಿಲ್ಲ. ಅಷ್ಟರಲ್ಲಿ ಜಮೀನಿನ ಹಳೆಯ ಒಡೆಯರು ಅಲ್ಲೇ ಒಂದು ಬೆಳೆ ರಾಗಿ ತೆಗೆದುಕೊಳ್ಳುತ್ತಿದ್ದರು. ನಮ್ಮ ಮನೆ ತ್ಯಾಗರಾಜನಗರದಲ್ಲಿ. ಅಲ್ಲಿಂದ ನಾನು ದಿನಾ ಸಂಜೆ ನಾಲ್ಕಕ್ಕೆ ಗೆಜ್ಜೆಯ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡು, ರಾಗಿ ಹೊಲದ ಬದುವಿನ ಮೇಲೆ ನಡೆದು, ಕಮಲಾ ಟೀಚರ್ ಮನೆಗೆ ಹೋಗುತ್ತಿದ್ದೆ. ಚೀಲ ಮುಚ್ಚಿಕೊಳ್ಳುವುದು ಏಕೆಂದರೆ ಆಗ ಮರ್ಯಾದಸ್ಥರ ಮನೆಯ ಹುಡುಗಿ ಕುಣಿಯುತ್ತಾಳೆ ಎಂದರೆ ಬೀದಿಯ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು. ನನಗೆ ಇಪ್ಪತ್ತೆರಡು. ಬಿ.ಎ. ಮುಗಿದಿತ್ತು, ಮದುವೆ ಗೊತ್ತಾಗಿರಲಿಲ್ಲ. "ಕುಣಿಯೋದು ಬಿಟ್ಟರೆ ಗೊತ್ತಾಗತ್ತೆ" ಎಂದು ನನ್ನ ಅಮ್ಮ ಹೇಳುತ್ತಲೇ ಇದ್ದಳು.

ಕಮಲಾ ಟೀಚರ್‌ಗೆ ಒಂದು ನೃತ್ಯ ತಂಡವಿತ್ತು. ನಾವು ಎಂಟು ಹುಡುಗಿಯರು, ಒಬ್ಬ ಮೃದಂಗದ ಮೇಷ್ಟ್ರು, ಒಂದು ಹಾರ್ಮೋನಿಯಂ. ಆ ವರ್ಷ ಟೀಚರ್‌ಗೆ ಒಂದು ಹುಚ್ಚು ಹಿಡಿಯಿತು. ಬೇಟೆಗೆ ಹೊರಟ ರಾಜನಿಗೆ ಒಂದು ಜಿಂಕೆ ಹೆಣ್ಣಾಗಿ ಕಾಣಿಸಿಕೊಳ್ಳುವ ಕಥೆಯನ್ನು ಅವರೇ ಬರೆದಿದ್ದರು. ಅದನ್ನು ಬರೀ ನೃತ್ಯದಲ್ಲಿ ಮಾಡಿದರೆ ಸಾಲದು, ಮುಂದೆ ನಾವು ಕುಣಿಯಬೇಕು, ಹಿಂದೆ ಬಿಳಿ ಪರದೆಯ ಮೇಲೆ ತೊಗಲುಗೊಂಬೆಗಳ ನೆರಳು ಆಡಬೇಕು, ಪಕ್ಕದಲ್ಲಿ ಚಿತ್ರಕಾರರೊಬ್ಬರು ಕಾಡು ಬರೆಯಬೇಕು ಎಂದರು. ಮೃದಂಗದ ಮೇಷ್ಟ್ರು ಅದನ್ನು ಕೇಳಿ ಮೂಗು ಮುರಿದರು. "ಇದೇನು ಸಂತೆಯೇನಮ್ಮ" ಎಂದರು. ಆದರೂ ದಿನಾ ಬಂದರು.

ಚಿತ್ರ ಬರೆಯಲು ಬಂದವರು ಪ್ರಭಾಕರ್. ಬೊಂಬಾಯಿಯಲ್ಲಿ ಕಲಿತು ಬಂದಿದ್ದ ತೆಳ್ಳನೆಯ ಮನುಷ್ಯ, ಯಾವಾಗಲೂ ತೋಳಿಗೆ ಬಣ್ಣ. ಗೊಂಬೆಯವರನ್ನು ಹುಡುಕಿಕೊಂಡು ಬಂದವರೂ ಅವರೇ. ಹುಳಿಮಾವಿನ ಕೆರೆ ಏರಿಯ ಬಳಿ ಗುಡಿಸಲು ಹಾಕಿಕೊಂಡಿದ್ದ ತಿಮ್ಮಣ್ಣ ಮತ್ತು ಅವರ ಹೆಂಡತಿ ಹೊನ್ನಮ್ಮ ಒಂದು ದಿನ ಮಧ್ಯಾಹ್ನ ಪ್ರಭಾಕರ್ ಹಿಂದೆ ನಡೆದು ಬಂದರು. ತಿಮ್ಮಣ್ಣನವರ ತಲೆಯ ಮೇಲೆ ಚಪ್ಪಟೆಯಾದ ಬಿದಿರಿನ ಪೆಟ್ಟಿಗೆ. ಐವತ್ತು ದಾಟಿದ ಮನುಷ್ಯ. ಈಗ 'ಅವರು' ಎಂದು ಬರೆಯುತ್ತಿದ್ದೇನೆ. ಆಗ ನಾವೆಲ್ಲ 'ಗೊಂಬೆಯವನು' ಎನ್ನುತ್ತಿದ್ದೆವು.

ಪೆಟ್ಟಿಗೆ ತೆರೆಯುವುದಕ್ಕೂ ಅವರಲ್ಲಿ ಒಂದು ಕ್ರಮವಿತ್ತು. ಮೊದಲು ಕೈಮುಗಿದು ಗಣಪತಿಯನ್ನು ತೆಗೆಯುವುದು. ಆಮೇಲೆ ದೇವರುಗಳು, ರಾಜರಾಣಿಯರು, ಪ್ರಾಣಿಗಳು. ಎಲ್ಲಕ್ಕಿಂತ ಕೆಳಗೆ ರಾಕ್ಷಸರು. ದೇವರನ್ನೂ ರಾಕ್ಷಸರನ್ನೂ ಒತ್ತಿಗೆ ಇಟ್ಟರೆ ಪೆಟ್ಟಿಗೆಯೊಳಗೇ ಜಗಳವಾಗುತ್ತದೆ ಎಂದು ಹೊನ್ನಮ್ಮ ನಗದೆ ಹೇಳಿದರು. ನಾವು ಹುಡುಗಿಯರು ಮುಖ ಮುಖ ನೋಡಿಕೊಂಡು ನಕ್ಕೆವು. ಆದರೆ ಸಂಜೆ ಪರದೆ ಕಟ್ಟಿ ಹಿಂದೆ ಪೆಟ್ರೋಮ್ಯಾಕ್ಸ್ ಇಟ್ಟು ಅವರು ಒಂದು ಜಿಂಕೆಯನ್ನು ಎತ್ತಿ ಹಿಡಿದಾಗ ನಗು ನಿಂತುಹೋಯಿತು. ಬೆಳಕು ಅದರ ಮೈಯೊಳಗಿಂದ ಹಾದು ಜೇನಿನ ಬಣ್ಣವಾಗಿ ಬಂದಿತ್ತು. ಅವರ ತಾತ ಜಿಂಕೆಯ ತೊಗಲಿನಲ್ಲೇ ಮಾಡಿದ್ದಂತೆ. ಕತ್ತು ಬೇರೆ, ಕಾಲು ಬೇರೆ, ಕಿವಿ ಕೂಡ ಬೇರೆ. ಎಲ್ಲವನ್ನೂ ದಾರದಲ್ಲಿ ಕೂಡಿಸಿದ್ದರು.

ಪ್ರಭಾಕರ್‌ಗೆ ಆ ಬಣ್ಣ ಅಷ್ಟು ಹಿಡಿಸಲಿಲ್ಲ. ಕಪ್ಪು ನೆರಳಾದರೆ ನನ್ನ ಕಾಡಿಗೆ ಹೊಂದುತ್ತದೆ ಎಂದರು. ತಿಮ್ಮಣ್ಣ ಗೌರವದಿಂದಲೇ ಒಪ್ಪಲಿಲ್ಲ. "ಬಣ್ಣ ಇಲ್ದಿದ್ರೆ ದೇವ್ರು ಯಾವ್ದು, ದೆವ್ವ ಯಾವ್ದು ಅಂತ ಜನಕ್ಕೆ ಹ್ಯಾಂಗೆ ಗೊತ್ತಾಗ್ಬೇಕು ಸ್ವಾಮಿ?" ಎಂದರು. ಟೀಚರ್ ತಿಮ್ಮಣ್ಣನ ಕಡೆ ಸೇರಿದರು. ಬಣ್ಣ ಉಳಿಯಿತು.

ಜಿಂಕೆಯ ಪಾತ್ರ ನನ್ನದು. ನಾನು ಕಲಿತ ಪಾಠದಲ್ಲಿ ಜಿಂಕೆ ಎಂದರೆ ಎರಡು ಬೆರಳು ಕೊಂಬು ಮಾಡಿಕೊಂಡು ಪುಟುಪುಟು ಜಿಗಿಯುವುದು. ಒಂದು ವಾರ ನಾನು ಜಿಗಿಯುವುದನ್ನು ನೋಡಿದ ತಿಮ್ಮಣ್ಣ ಒಂದು ಸಂಜೆ ಪರದೆಯ ಹಿಂದಿನಿಂದ ಎದ್ದು ಬಂದರು.

"ತಪ್ಪು ತಿಳ್ಕಾಬ್ಯಾಡಿ ಅಮ್ಮಣ್ಣಿ. ಜಿಂಕೆ ಬರೀ ಓಡೋ ಪ್ರಾಣಿ ಅಲ್ಲ. ಕೇಳೋ ಪ್ರಾಣಿ. ಮೊದ್ಲು ಕಿವಿ ಕೊಡ್ತದೆ. ಮೈಯೆಲ್ಲ ಕಿವಿ ಆಯ್ತದೆ. ಆಮ್ಯಾಕೆ ಓಟ."

ಗೊಂಬೆಯನ್ನು ಕೈಯಲ್ಲಿ ಹಿಡಿದು ತೋರಿಸಿದರು. ಕಿವಿ ಒಂದಿಷ್ಟು ತಿರುಗಿತು, ಕತ್ತು ನಿಂತಿತು, ಒಂದು ಮುಂಗಾಲು ನೆಲ ಬಿಟ್ಟು ಗಾಳಿಯಲ್ಲೇ ಉಳಿಯಿತು. ಅಷ್ಟೇ. ನಾನು ಹದಿನೈದು ದಿನ ಅದನ್ನು ಕಲಿತೆ. ಒಂದು ಕಾಲೆತ್ತಿ, ಕತ್ತು ಓರೆ ಮಾಡಿ, ಗೆಜ್ಜೆಯ ಒಂದು ಕಾಳೂ ಅಲುಗದಂತೆ ಎಂಟು ತಾಳ ನಿಲ್ಲುವುದು. ಮೃದಂಗವೂ ಆಗ ಸುಮ್ಮನಿರಬೇಕು ಎಂದು ಟೀಚರ್ ಹೇಳಿದರು, ಮೇಷ್ಟ್ರು ಗೊಣಗುತ್ತ ಒಪ್ಪಿದರು. ನಾನು ಹಾಗೆ ನಿಂತಾಗ ಹಿಂದೆ ಪರದೆಯ ಮೇಲೆ ಆ ಹಳೆಯ ಜಿಂಕೆಯೂ ಹಾಗೇ ನಿಲ್ಲುತ್ತಿತ್ತು. ತಿಮ್ಮಣ್ಣ ನನ್ನ ಉಸಿರು ನೋಡಿಕೊಂಡು ಅದನ್ನು ಆಡಿಸುತ್ತಿದ್ದರು. ಹೊನ್ನಮ್ಮ ಮೆಲ್ಲಗೆ ಹಾಡಿನ ಒಂದೇ ಎಳೆ ಹಿಡಿದುಕೊಂಡಿರುತ್ತಿದ್ದರು. ನನ್ನ ಬದುಕಿನಲ್ಲಿ ನಾನು ಚೆನ್ನಾಗಿ ಮಾಡಿದ ಕೆಲಸ ಯಾವುದಾದರೂ ಇದ್ದರೆ ಅದು ಆ ಎಂಟು ತಾಳ. ಅದನ್ನು ಕಲಿಸಿದವರು ಅವರು.

ಹೀಗೆ ಭಾದ್ರಪದ ಕಳೆದು ನವರಾತ್ರಿ ಬಂತು. ಟೀಚರ್ ಮನೆಯಲ್ಲಿ ಪ್ರತಿ ವರ್ಷ ಗೊಂಬೆ ಕೂರಿಸುತ್ತಿದ್ದರು. ಮಹಾನವಮಿಯ ಬೆಳಗ್ಗೆ ಕಲಾವಿದರೆಲ್ಲ ತಮ್ಮ ತಮ್ಮ ಸಾಮಾನು ತಂದು ಸರಸ್ವತಿಯ ಮುಂದೆ ಇಡಬೇಕು. ದಶಮಿಯ ಬೆಳಗ್ಗೆ ಪೂಜೆ ಮಾಡಿ ತೆಗೆದುಕೊಳ್ಳಬೇಕು. ಈ ಏರ್ಪಾಟೆಲ್ಲ ಆ ವರ್ಷ ನನಗೆ ವಹಿಸಿದ್ದರು. ಮೃದಂಗ ಬಂತು, ತಾಳ ಬಂತು, ನಮ್ಮೆಲ್ಲರ ಗೆಜ್ಜೆ ಬಂತು. ಪ್ರಭಾಕರ್ ದೇವರನ್ನು ಅಷ್ಟಾಗಿ ನಂಬದವರು, ಆದರೂ ನಾಲ್ಕು ಕುಂಚ ತಂದಿಟ್ಟರು. ತಿಮ್ಮಣ್ಣ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹುಳಿಮಾವಿನಿಂದ ನಡೆದು ಬಂದರು. ಪೆಟ್ಟಿಗೆಗೆ ಸೇವಂತಿಗೆ ಹಾರ ಸುತ್ತಿದ್ದರು. ಮೃದಂಗದ ಪಕ್ಕದಲ್ಲಿ ಅದನ್ನು ಇಟ್ಟು, ಹಿಂದೆ ಸರಿದು ನಿಂತು ನೋಡಿದರು.

"ಎಲ್ಲಾರ್ದೂ ಒಂದೇ ಕಡೆ ಐತೆ, ಚೆಂದ ಕಾಣ್ತದೆ ಅಲ್ವರಾ ಅಮ್ಮಣ್ಣಿ? ದಶಮಿ ಕಳೆದು ಮಾರ್ನೆ ದಿನ ಬತ್ತೀನಿ. ನಮ್ಮೂರಾಗೂ ಹಬ್ಬ ಐತಲ್ಲ."

"ಆಗಲಿ, ಹೋಗಿ ಬನ್ನಿ" ಎಂದೆ.

ಅವರು ಗೇಟು ದಾಟಿದ ಮೇಲೆ ನಾನು ಆ ಪೆಟ್ಟಿಗೆಯನ್ನೇ ನೋಡುತ್ತ ನಿಂತೆ. ಮಧ್ಯಾಹ್ನ ಮೂರಕ್ಕೆ ಸುತ್ತಲಿನ ಹೆಂಗಸರು ಆರತಿಗೆ ಬರುವವರಿದ್ದರು. ಅವರಲ್ಲಿ ನನ್ನ ಅಮ್ಮ ಇದ್ದಳು, ಅಮ್ಮ ಯಾರ ಮಗನಿಗೆ ನನ್ನನ್ನು ಕೇಳಿಸಬೇಕೆಂದು ಇದ್ದಳೋ ಆ ಮನೆಯವರೂ ಇದ್ದರು. ಮೊದಲೇ ಕುಣಿಯುವ ಹುಡುಗಿ. ಈಗ ಸರಸ್ವತಿಯ ಮುಂದೆ ಸತ್ತ ಆಡು, ಸತ್ತ ಜಿಂಕೆಯ ತೊಗಲು ಇಟ್ಟಿದ್ದಾಳೆ ಎಂದು ಯಾರಾದರೂ ಅಂದರೆ? ಯಾರೂ ಅಂದಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಟೀಚರ್ ಅಂದಿರಲಿಲ್ಲ, ಅವರ ಅತ್ತೆ ಅಂದಿರಲಿಲ್ಲ, ನನ್ನ ಅಮ್ಮನಿಗೆ ಆ ಪೆಟ್ಟಿಗೆಯಲ್ಲಿ ಏನಿದೆ ಎಂದೇ ಗೊತ್ತಿರಲಿಲ್ಲ. ನಾನೇ ನನ್ನಷ್ಟಕ್ಕೆ ಯೋಚಿಸಿ, ನಾನೇ ಹೆದರಿ, ನಾನೇ ಪೆಟ್ಟಿಗೆಯನ್ನು ಎತ್ತಿದೆ.

ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ತಗಡಿನ ಮಾಡು ಇತ್ತು. ಅದರ ಅಡಿಯಲ್ಲಿ ಇಟ್ಟು ಬಂದೆ. ಹಾರ ಬಾಡುತ್ತದೆ ಎಂದು ಅದನ್ನು ಬಿಚ್ಚಿ ಸರಸ್ವತಿಗೆ ಹಾಕಿದೆ. ಕೈ ತೊಳೆದುಕೊಂಡೆ.

ಮೃದಂಗದ ಎರಡು ಮುಖಕ್ಕೂ ಚರ್ಮವೇ. ನನ್ನ ಗೆಜ್ಜೆಗಳನ್ನು ಹೊಲಿದಿದ್ದ ಪಟ್ಟಿಯೂ ಚರ್ಮವೇ. ಅವೆಲ್ಲ ಒಳಗೆ ಸರಸ್ವತಿಯ ಪಾದದಲ್ಲಿದ್ದವು. ಬಿ.ಎ. ಓದಿದ ನನಗೆ ಇದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

ಆರತಿ ಮುಗಿದು ಹೆಂಗಸರೆಲ್ಲ ಹೋದ ಮೇಲೆ ಟೀಚರ್ ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು. ನಾವೆಲ್ಲ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆವು. ಎಪ್ಪತ್ತು ದಾಟಿದವರು. ನಲ್ಲಿ ನೀರನ್ನೂ ಮುಟ್ಟದಷ್ಟು ಮಡಿ. ಒಂದೊಂದೇ ಸಾಮಾನಿಗೆ ಕುಂಕುಮ ಇಡುತ್ತ ಬಂದವರು ಮೃದಂಗದ ಪಕ್ಕದಲ್ಲಿ ನಿಂತರು.

"ವಿಶಾಲೂ, ಇಲ್ಲಿ ಆ ಗೊಂಬೆಯವನ ಪೆಟ್ಟಿಗೆ ಇತ್ತಲ್ಲೇ? ಅದಕ್ಕೂ ಕುಂಕುಮ ಇಡಬೇಕು."

ಅಷ್ಟು ಮಡಿಯ ಅಜ್ಜಿಗೆ ಇಲ್ಲದ ಮೈಲಿಗೆ ನನಗಿತ್ತು. ಆಗಲೇ ಹೇಳಿ, ಓಡಿಹೋಗಿ ಪೆಟ್ಟಿಗೆ ತಂದಿಟ್ಟಿದ್ದರೆ ಮುಗಿಯುತ್ತಿತ್ತು. ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ನಾನು, "ಅವರು ವಾಪಸ್ ತಗೊಂಡು ಹೋದ್ರು ಅಜ್ಜಿ, ಅವರ ಮನೇಲೂ ಪೂಜೆಯಂತೆ" ಎಂದೆ.

"ಪಾಪ, ಅಷ್ಟು ದೂರದಿಂದ ಹೊತ್ತು ತಂದಿದ್ದ" ಎಂದು ಅಜ್ಜಿ ಮುಂದಿನ ಗೆಜ್ಜೆಗೆ ಕುಂಕುಮ ಇಟ್ಟರು.

ಇನ್ನು ಆ ಪೆಟ್ಟಿಗೆಯನ್ನು ಒಳಗೆ ತರುವ ಹಾಗಿರಲಿಲ್ಲ. ತಂದರೆ ಸುಳ್ಳು ಬಯಲಾಗುತ್ತದೆ. ತಿಮ್ಮಣ್ಣ ಬರುವ ಬೆಳಗ್ಗೆ ಬೇಗ ಬಂದು ಮೊದಲಿದ್ದ ಜಾಗದಲ್ಲೇ ಇಟ್ಟುಬಿಡುತ್ತೇನೆ ಎಂದು ಲೆಕ್ಕ ಹಾಕಿಕೊಂಡೆ.

ದಶಮಿಯ ದಿನ ಮಧ್ಯಾಹ್ನ ಟೀಚರ್ ಮನೆಯಿಂದ ಕರೆ ಬಂತು. ದೆಹಲಿಯ ದೊಡ್ಡದೊಂದು ಉತ್ಸವಕ್ಕೆ ತಂಡಗಳನ್ನು ಆರಿಸುವವರೊಬ್ಬರು ಬೆಂಗಳೂರಿಗೆ ಬಂದಿದ್ದಾರೆ, ರಾತ್ರಿಯ ರೈಲಿಗೆ ಹೊರಡುತ್ತಾರೆ, ಅದಕ್ಕೆ ಮೊದಲು ಒಂದು ಗಂಟೆ ನಮ್ಮನ್ನು ನೋಡುತ್ತಾರಂತೆ. ತಿಮ್ಮಣ್ಣನಿಗೆ ಹೇಳಿ ಕಳಿಸಲು ಹೊತ್ತಿಲ್ಲ. ಪರದೆ ಬೇಡ, ಬರೀ ಜಿಂಕೆಯ ಭಾಗ ತೋರಿಸೋಣ ಎಂದರು ಟೀಚರ್. ನಾಲ್ಕೂವರೆಗೆ ಶುರು ಮಾಡಿದೆವು. ಆರಿಸಲು ಬಂದವರು ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಗಡಿಯಾರವನ್ನು ಎರಡು ಸಲ ನೋಡಿಕೊಂಡರು.

ಕಿವಿಗೊಟ್ಟು ನಿಲ್ಲುವ ಭಾಗ ಬಂತು. ಮೃದಂಗ ನಿಂತಿತು. ನಾನು ಕಾಲೆತ್ತಿ ಕತ್ತು ಓರೆ ಮಾಡಿದೆ. ಗೆಜ್ಜೆ ಮೌನವಾಯಿತು. ಆಗ ಹಿತ್ತಲಿನ ತಗಡಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಆಮೇಲೆ ಇನ್ನೊಂದು. ಆಮೇಲೆ ನಾಲ್ಕು. ಎಂಟು ತಾಳದಷ್ಟು ಹೊತ್ತು ನಾನು ಆ ಸದ್ದನ್ನು ಇಡೀ ಮೈಯಿಂದ ಕೇಳಿದೆ. ಪೆಟ್ಟಿಗೆ ಅಲ್ಲಿದೆ ಎಂದು ಗೊತ್ತಿತ್ತು. ಆ ತಗಡು ಸೋರುತ್ತದೆ ಎಂದೂ ಗೊತ್ತಿತ್ತು. ಕುರ್ಚಿಯಲ್ಲಿದ್ದವರು ಮೊದಲ ಸಲ ಮುಂದೆ ಬಗ್ಗಿ ನನ್ನನ್ನು ನೋಡಿದರು. ಈ ಭಾಗ ಮುಗಿಯಲಿ ಎಂದುಕೊಂಡೆ. ಮುಗಿಯಿತು. ಇನ್ನೊಂದು ಮುಗಿಯಲಿ ಎಂದುಕೊಂಡೆ. ಮಳೆ ಹಿಂಗಾರಿನ ಅಬ್ಬರಕ್ಕೆ ತಿರುಗಿತು, ಟೀಚರ್ ಜೋರಾಗಿ ಹಾಡಿದರು, ನಾನು ಜೋರಾಗಿ ಕುಣಿದೆ. ಕಡೆಯಲ್ಲಿ ಆ ದೊಡ್ಡವರು ಎದ್ದು ನಿಂತು, "ಈ ಹುಡುಗಿ ನಿಂತಾಗ ನಿಜವಾಗಿ ಏನೋ ಕೇಳಿಸಿಕೊಂಡ ಹಾಗಿತ್ತು" ಎಂದರು. ಎಲ್ಲರೂ ಸಂತೋಷದಿಂದ ನಕ್ಕರು. ನಾನೂ ನಕ್ಕೆ. ಕಾಫಿ ಬಂತು. ಒಬ್ಬಟ್ಟು ಬಂತು. ಈಗ ಹಿತ್ತಲಿಗೆ ಹೋದರೆ ಅಜ್ಜಿ ಅಡಿಗೆಮನೆಯಿಂದ ನೋಡುತ್ತಾರೆ ಎಂದುಕೊಂಡು ಹೋಗಲಿಲ್ಲ. ಪ್ರಭಾಕರ್ ಕೊಡೆ ಹಿಡಿದು ನನ್ನನ್ನು ಮನೆಗೆ ಬಿಟ್ಟುಬಂದರು. ಸೈಟುಗಳೆಲ್ಲ ಕೆರೆಯಾಗಿದ್ದವು.

ಮರುದಿನ ಬೆಳಗ್ಗೆ ಆರಕ್ಕೇ ಓಡಿದೆ. ತಿಮ್ಮಣ್ಣ ನನಗಿಂತ ಮೊದಲೇ ಬಂದಿದ್ದರು. ಒಳಗೆ ಪೆಟ್ಟಿಗೆ ಕಾಣದೆ ಹುಡುಕಿಕೊಂಡು ಹಿತ್ತಲಿಗೆ ಹೋಗಿದ್ದರು. ಹಬ್ಬದ ಹೂವು, ಬಾಳೆ ಸಿಪ್ಪೆಯೆಲ್ಲ ಮೋರಿಗೆ ಸಿಕ್ಕಿಕೊಂಡು ನೀರು ಕಟ್ಟಿ ನಿಂತಿತ್ತು. ಪೆಟ್ಟಿಗೆ ಅರ್ಧ ಮುಳುಗಿತ್ತು. ಅವರು ಪಂಚೆ ಎತ್ತಿ ಕಟ್ಟಿ, ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಗೊಂಬೆ ಬಿಡಿಸುತ್ತಿದ್ದರು. ಬಿಡಿಸಲು ಬರುತ್ತಿರಲಿಲ್ಲ. ನೆನೆದು ಉಬ್ಬಿ ಒಂದಕ್ಕೊಂದು ಅಂಟಿದ್ದವು. ಬಣ್ಣವೆಲ್ಲ ಕರಗಿ ಒಂದರ ಮೈಗೊಂದು ಹತ್ತಿತ್ತು. ಇವತ್ತಿಗೂ ನಾನು ಮೂಗು ಮುಚ್ಚುವ ಆ ವಾಸನೆ ಅಲ್ಲಿಯದು.

ಟೀಚರ್ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಮಳೆಯೆಂದು ರಾತ್ರಿ ಅಲ್ಲೇ ಉಳಿದಿದ್ದ ಪ್ರಭಾಕರ್ ಕೇಳಿದರು: "ಇದನ್ನ ಆಚೆ ಇಟ್ಟಿದ್ದು ಯಾರು?"

"ಒಳಗೆ ಜಾಗ ಸಾಲಲಿಲ್ಲ, ಅದಕ್ಕೇ ನಾನು..." ಎಂದೆ. "ನಿನ್ನೆ ಸಂಜೆ ಕುಣೀತಾ ಇದ್ದೆ, ಮಳೆ ಬಂದಿದ್ದು ನನಗೆ ಕೇಳಿಸಲೇ ಇಲ್ಲ."

ತಿಮ್ಮಣ್ಣ ತಲೆ ಎತ್ತಿ ನೋಡಿದರು. ಅವರ ಕೈಯಲ್ಲಿ ಆ ಜಿಂಕೆ ಇತ್ತು. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಗೆಜ್ಜೆ ಕಟ್ಕಂಡು ಕುಣೀವಾಗ ಮಳೆ ಎಲ್ಲಿ ಕೇಳ್ತದೆ, ಬುಡಿ ಅಮ್ಮಣ್ಣಿ" ಎಂದರು.

ನಾನು ಆ ಮಾತನ್ನು ಕೈಚಾಚಿ ತೆಗೆದುಕೊಂಡೆ. ಆ ಕ್ಷಣದಲ್ಲಿ ನನಗಾದದ್ದು ಸಂಕಟವಲ್ಲ, ಸಮಾಧಾನ. ಅದೇ ನನ್ನನ್ನು ಇವತ್ತಿಗೂ ಚುಚ್ಚುವುದು. ಕಣ್ಣೆತ್ತಿದರೆ ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ತಗೊಂಡು ಹೋದ ಅಂದ್ಯಲ್ಲೇ ಎಂದು ಕೇಳಲಿಲ್ಲ. ಒಳಗೆ ಹೋದರು. ಅವತ್ತಿನಿಂದ ಅವರು ನನ್ನ ಕೈಗೆ ಹೂವಿನ ಬುಟ್ಟಿ ಕೊಡಲಿಲ್ಲ, ವಿಶಾಲೂ ಎಂದು ಕರೆಯಲಿಲ್ಲ.

ತಿಮ್ಮಣ್ಣ ಮತ್ತು ಹೊನ್ನಮ್ಮ ಒಂದು ವಾರ ತಾರಸಿಯ ಮೇಲೆ ಗೊಂಬೆಗಳನ್ನು ಬಟ್ಟೆಯ ನಡುವೆ ಹಾಸಿ ಕಲ್ಲು ಹೇರಿ ಒಣಗಿಸಿದರು. ಕೆಲವು ಪ್ರಾಣಿಗಳು, ಇಬ್ಬರು ಸೈನಿಕರು ಉಳಿದರು. ದೇವರುಗಳ ಮೇಲೆ ತಗಡಿನ ತೂತು ಇತ್ತು, ರಾಕ್ಷಸರ ಕೆಳಗೆ ನಿಂತ ನೀರು ಇತ್ತು. ಮೇಲಿನವರೂ ಹೋದರು, ಕೆಳಗಿನವರೂ ಹೋದರು. ಜಿಂಕೆ ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತು. ಕಿವಿ ಮುಟ್ಟಿದರೆ ಮುರಿಯಿತು. ಅವರು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

ಪ್ರದರ್ಶನ ನಿಲ್ಲಿಸುವುದು ಬೇಡ ಎಂದಾಯಿತು. ಉತ್ಸವಕ್ಕೆ ನಮ್ಮ ತಂಡವನ್ನು ಆರಿಸಿದ್ದೇವೆ ಎಂದು ದೆಹಲಿಯಿಂದ ಕಾಗದ ಬಂದಿತ್ತು. ಪ್ರಭಾಕರ್ ದಪ್ಪ ರಟ್ಟಿನಲ್ಲಿ ಜಿಂಕೆ, ರಾಜ, ಮರ ಎಲ್ಲವನ್ನೂ ಕತ್ತರಿಸಿದರು. ರಟ್ಟಿನೊಳಗೆ ಬೆಳಕು ಹಾಯುವುದಿಲ್ಲ. ನೆರಳು ಕಪ್ಪಗೆ ಬಿತ್ತು. ತಿಮ್ಮಣ್ಣ ಪರದೆಯ ಹಿಂದೆ ಕೂತು ಆ ರಟ್ಟನ್ನೂ ಆಡಿಸಿದರು, ಹೊನ್ನಮ್ಮ ಹಾಡಿದರು. ಕಾರ್ತಿಕದಲ್ಲಿ ಮೊದಲ ಪ್ರದರ್ಶನವಾಯಿತು. ಪತ್ರಿಕೆಗಳಲ್ಲಿ ಹೊಗಳಿದರೋ ಹೊಗಳಿದರು. ಬಣ್ಣ ಬಿಟ್ಟು ಬರೀ ಕಪ್ಪು ನೆರಳು ಬಳಸಿದ್ದು ಎಂಥ ಹೊಸ ಯೋಚನೆ ಎಂದು ಬರೆದರು. ನನ್ನ ನಿಲುವಿನ ಫೋಟೋ ಹಾಕಿದರು. ಪ್ರಭಾಕರ್ ಆ ಪತ್ರಿಕೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ನಮ್ಮ ಬೀದಿಯಲ್ಲಿ ಮೊದಲ ಸಲ ಗೆಜ್ಜೆಯ ಚೀಲವನ್ನು ಸೆರಗಿನಿಂದ ಹೊರಗೆ ಹಿಡಿದು ನಡೆದೆ. ಅದೂ ನಡೆಯಿತು ಎಂದು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಆ ತಿಂಗಳ ಅಮಾವಾಸ್ಯೆಗೆ ಎರಡು ದಿನ ಇರುವಾಗ ಅಜ್ಜಿ ನನ್ನನ್ನು ಜಗುಲಿಗೆ ಕರೆದರು. ಒಂದು ತಿಂಗಳ ಮೇಲೆ ಮೊದಲ ಮಾತು.

"ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ಅದು ನೀನು ಹೇಳಬೇಕಾದ್ದು. ಹುಳಿಮಾವಿಗೆ ಹೋಗಿ, ಅವರಿಬ್ಬರ ಮುಂದೆ ನಿಂತು, ಇದ್ದದ್ದು ಇದ್ದ ಹಾಗೆ ಹೇಳಿ ಬಾ."

"ಹೋಗ್ತೀನಿ ಅಜ್ಜಿ" ಎಂದೆ. ಹೇಳಿಯೇ ಬಿಡಬೇಕು ಎಂದು ನಿಜವಾಗಿಯೂ ನಿರ್ಧಾರ ಮಾಡಿದ್ದೆ. ಅಮಾವಾಸ್ಯೆಯ ದಿನ ಬನ್ನೇರುಘಟ್ಟದ ಬಸ್ಸಿನಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡೆ. ಪೂಜೆಗೆ ಇಟ್ಟಿದ್ದನ್ನು ಮೈಲಿಗೆ ಎಂದು ಆಚೆ ಹಾಕಿದೆ, ಮಳೆ ಕೇಳಿಸಿತು, ಕೇಳಿಸಿದ ಮೇಲೂ ಕುಣಿದೆ. ಮೂರೇ ಮಾತು. ರಸ್ತೆಯಲ್ಲಿ ಇಳಿದು ಕೆರೆಯ ಕಡೆ ನಡೆಯುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಗುಡಿಸಲಿನಲ್ಲಿ ಯಾರೂ ಇರಲಿಲ್ಲ. ಕೆರೆಯ ಅಂಚಿನಲ್ಲಿ ಏಳೆಂಟು ಜನ ನಿಂತಿದ್ದರು. ಹೆಂಗಸರು ಅಳುತ್ತಿದ್ದರು. ತಮ್ಮತಮ್ಮಲ್ಲೇ ಮರಾಠಿಯಂಥ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಯಾರೋ ತೀರಿಹೋದರು ಎಂದು ನನಗೆ ಗಾಬರಿಯಾಯಿತು. ಹತ್ತಿರ ಹೋದರೆ, ಬಾಳೆಎಲೆಯ ಮೇಲೆ ಹಾಳಾದ ಗೊಂಬೆಗಳನ್ನು ಮಲಗಿಸಿ ಅರಿಶಿನ ಕುಂಕುಮ ಹಚ್ಚಿದ್ದರು. ಕೆಟ್ಟ ಗೊಂಬೆಯನ್ನು ಅವರು ಎಸೆಯುವಂತಿಲ್ಲ, ಸುಡುವಂತಿಲ್ಲ. ಮನೆಯ ಹಿರಿಯರು ಹೋದ ಹಾಗೆ, ಅಮಾವಾಸ್ಯೆಯಂದು ಎಡೆಯಿಟ್ಟು, ಅತ್ತು, ನೀರಿಗೆ ಬಿಡಬೇಕು.

ಹೊನ್ನಮ್ಮ ನನ್ನನ್ನು ನೋಡಿ ಓಡಿ ಬಂದರು. "ಬಂದ್ರಾ ಅಮ್ಮಣ್ಣಿ! ನೋಡಿ, ನೆಪ್ಪ ಮಡ್ಕಂಡು ಬಂದವ್ರೆ" ಎಂದು ಎಲ್ಲರಿಗೂ ಹೇಳಿದರು. ಆ ಜನ ಸರಿದು ನನಗೆ ಮುಂದೆ ಜಾಗ ಬಿಟ್ಟರು. ಸಾವಿನ ಮನೆಗೆ ಬಂದ ನೆಂಟರಿಗೆ ಬಿಡುವ ಹಾಗೆ.

"ಈ ಸುಗ್ಗೀಗೆ ಆಟ ಇಲ್ಲ ಕಣಮ್ಮಣ್ಣಿ" ಎಂದರು ಹೊನ್ನಮ್ಮ. "ಗಣಪತಿ ಇಲ್ದೆ ಪರದೆ ಕಟ್ಟಂಗಿಲ್ಲ. ಜಯನಗರದಾಗೆ ಮನೆ ಕಟ್ತಾವ್ರಲ್ಲ, ಮಣ್ಣು ಹೊರಾಕೆ ಹೋಯ್ತೀವಿ ಇಬ್ರೂವೆ. ಹೊಸ ಗೊಂಬೆ ಮಾಡಾಕೆ ಇವ್ರ ಕಣ್ಣು ಈಗ ಸುದ್ದ ಕಾಣಾಕಿಲ್ಲ."

ಹೇಳು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಂಡೆ. "ತಿಮ್ಮಣ್ಣನವರೇ" ಎಂದೆ. ಅವರನ್ನು ನಾನು ಹಾಗೆ ಕರೆದದ್ದು ಅದೇ ಮೊದಲು. ಅವರು ಬಾಳೆಎಲೆಯಿಂದ ಆ ಜಿಂಕೆಯನ್ನು ಎತ್ತಿ ತಂದು ನನ್ನ ಎರಡೂ ಕೈ ಮೇಲೆ ಇಟ್ಟರು.

"ನಿಮ್ ಜೊತೇಲಿ ಕುಣದವ್ಳು. ನೀವೇ ಬುಡಿ ತಾಯಿ."

ನಾನು ಮೊಣಕಾಲವರೆಗೆ ನೀರಿಗಿಳಿದು ಅದನ್ನು ಬಿಟ್ಟೆ. ಅದು ಒಂದು ಕ್ಷಣ ತೇಲಿ, ನೀರು ಕುಡಿದು, ಮೆಲ್ಲಗೆ ಕೆಳಗೆ ಹೋಯಿತು. ನನಗೆ ಅಳು ಬಂತು. ದುಃಖವೋ ನಾಚಿಕೆಯೋ ಹೇಳಲಾರೆ. ಜೋರಾಗಿ, ಎಲ್ಲರ ಮುಂದೆ ಅತ್ತೆ. ಮೂರು ಮಾತು ಗಂಟಲಲ್ಲೇ ಇದ್ದವು. ಹೊನ್ನಮ್ಮ ನೀರಿಗಿಳಿದು ಬಂದು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. "ಅಳಬ್ಯಾಡಿ ಅಮ್ಮಣ್ಣಿ, ಅಳಬ್ಯಾಡಿ. ಮಳೆ ಬಂದ್ರೆ ನೀವೇನ್ ಮಾಡೀರಿ?" ಎಂದರು. ದಡದಲ್ಲಿ ನಿಂತ ತಿಮ್ಮಣ್ಣನೂ, "ಅಳಬ್ಯಾಡಿ ತಾಯಿ" ಎಂದರು. ಅವರು ಸಮಾಧಾನ ಹೇಳುತ್ತ ಹೋದರು, ನಾನು ಸಮಾಧಾನ ಮಾಡಿಕೊಳ್ಳುತ್ತ ಹೋದೆ. ಅವರು ಕೊಟ್ಟ ಎಡೆಯ ಬೆಲ್ಲ ತಿಂದು ಬಸ್ಸು ಹತ್ತಿದೆ.

ಕತ್ತಲಾಗುವ ಮೊದಲೇ ಜಯನಗರಕ್ಕೆ ಬಂದೆ. ಅಜ್ಜಿ ಜಗುಲಿಯಲ್ಲಿ ಹೂಬತ್ತಿ ಮಾಡುತ್ತ ಕಾಯುತ್ತಿದ್ದರು. ನನ್ನ ಒದ್ದೆ ಸೀರೆ ನೋಡಿದರು, ಅತ್ತ ಮುಖ ನೋಡಿದರು.

"ಹೇಳಿದ್ಯಾ?"

"ಹೇಳಿದೆ ಅಜ್ಜಿ."

"ಏನಂದ?"

"ಅಳಬೇಡ ಅಂದ್ರು."

ಅಜ್ಜಿಯ ಕಣ್ಣು ತುಂಬಿ ಬಂತು. "ದೊಡ್ಡ ಮನುಷ್ಯ ಕಣೇ ವಿಶಾಲೂ" ಎಂದು ನನ್ನನ್ನು ಹತ್ತಿರ ಎಳೆದುಕೊಂಡು ತಲೆ ಸವರಿದರು. ನಾನು ತಲೆ ಬಗ್ಗಿಸಿ, ಅವರು ಕೈ ತೆಗೆಯುವ ತನಕ ಸವರಿಸಿಕೊಂಡು ಕೂತೆ.